ತಪ್ಪಿಸಿಕೊಳ್ಳಲಾಗದ ದಿನದ ಟೈರು

ಕೊಲರಾಡೋದಲ್ಲಿ ಕಳೆದ ವರ್ಷಗಳನ್ನು ನಾನು ಟೈರಿನ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದೇನೆ. ಮಗಳು ಶಾಲೆಗೆ ಸೇರಿದ್ದು ಗಾಡಿಯ ಜೊತೆಗೇ ಬಂದ ಟೈರುಗಳ ಕಾಲದಲ್ಲಿ. ಸಾನ್ ಹ್ವಾನ್ ಬೆಟ್ಟಗಳ ಗಣಿದಾರಿಗಳ ಗೀಳು ಹತ್ತಿದ್ದು ದಪ್ಪ ಪಕ್ಕೆಯ ಟೈರುಗಳ ಕಾಲದಲ್ಲಿ. ಹೆಂಡತಿ ಬೆಟ್ಟದಾಚೆಯ ಆಸ್ಪತ್ರೆಗೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಗ್ಯಾರೇಜಿನಲ್ಲಿ ಎರಡು ಸೆಟ್ ಟೈರುಗಳು ಬಂದು ಕೂತವು. ಗಾಡಿ ಮಾತ್ರ ಅಂದಿನಿಂದ ಇಂದಿನವರೆಗೂ ಅದೇ, ಟೊಯೋಟಾ ಫೋರ್‌ರನ್ನರ್. ಕಾಲಕಾಲಕ್ಕೆ ಆಯಿಲ್ ಬದಲಿಸುವುದು ಬಿಟ್ಟರೆ ಅದು ನನ್ನಿಂದ ಹೆಚ್ಚೇನೂ ಬೇಡಲಿಲ್ಲ. ಓದು, ಯೋಚನೆ, ದುಡ್ಡು ಎಲ್ಲವನ್ನೂ ಬೇಡಿದ್ದು ಅದರ ಕಾಲಡಿಯ ರಬ್ಬರು.

ಇದನ್ನು ಬರೆದಿಡಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಪ್ರತಿ ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರು ರಾಜ್ಯೋತ್ಸವದ ಊಟಕ್ಕೆ ಸೇರಿದಾಗ ಊರಿಂದ ಹೊಸದಾಗಿ ಬಂದ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಎಸ್‌ಯುವಿ ತಗೊಂಡಿದ್ದೀನಿ, ಫೋರ್ ವೀಲ್ ಡ್ರೈವ್ ಇದೆ. ಹಿಮಕ್ಕೂ ಆಗಬೇಕು, ಬೆಟ್ಟ ಹತ್ತೋದಕ್ಕೂ ಆಗಬೇಕು. ಯಾವ ಟೈರು ಹಾಕಿಸಲಿ?" ಪ್ರಶ್ನೆ ಒಂದೇ ಸಾಲಿನದು. ಅದಕ್ಕೆ ಸರಿಯಾದ ಉತ್ತರ ಹೇಳುವಷ್ಟು ತಿಳಿಯಲು ನನಗೆ ಹಲವು ಚಳಿಗಾಲಗಳು ಬೇಕಾದವು.

ನಾನು ಬೆಳೆದದ್ದು ಮೂಡಿಗೆರೆ ಕಡೆಯ ಕಾಫಿ ಸೀಮೆಯಲ್ಲಿ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ತೋಟದ ದಾರಿಯಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಅಪ್ಪನ ಹಳೆಯ ಮಹೀಂದ್ರಾ ಜೀಪಿಗೆ 6.00-16 ಅಳತೆಯ ಸಪೂರ ಟೈರುಗಳು. ಮಳೆಗಾಲ ಕಳೆಯುವವರೆಗೂ ಅವಕ್ಕೆ ಕಬ್ಬಿಣದ ಚೈನು ಬಿಗಿದಿರುತ್ತಿತ್ತು. ಜೀಪು ಓಡಿಸುತ್ತಿದ್ದ ಹಿರಿಯ ಡ್ರೈವರ್ ಏರು ಬಂದಲ್ಲೆಲ್ಲ ಗಾಡಿ ನಿಲ್ಲಿಸಿ, ಇಳಿದು, ಬರಿಗಾಲಲ್ಲಿ ಕೆಸರು ತುಳಿದು ನೋಡುತ್ತಿದ್ದರು. ಮೇಲೆ ಮಾತ್ರ ಜಾರಿಕೆಯೋ, ಅಡಿಯಲ್ಲಿ ಗಟ್ಟಿ ನೆಲವಿದೆಯೋ, ಅಥವಾ ಆಳದವರೆಗೂ ಗೊಜ್ಜಾಗಿದೆಯೋ ಎಂದು ಅವರ ಅಂಗಾಲಿಗೆ ತಿಳಿಯುತ್ತಿತ್ತು. ಆಮೇಲೇ ಗೇರು. ಎಲ್ಲ ಕೆಸರೂ ಒಂದೇ ಅಂದುಕೊಂಡಿದ್ದ ಹುಡುಗನಿಗೆ ಅವರು ಕಲಿಸಿದ್ದು ಅದೊಂದೇ: ಮೊದಲು ನೆಲ ಯಾವುದೆಂದು ತಿಳಿ. ಸಾವಿರಾರು ಮೈಲಿ ದೂರದಲ್ಲಿ, ಕೆಸರಿನ ಬದಲು ಹಿಮದ ಮೇಲೆ, ನನಗೆ ಮತ್ತೆ ಮತ್ತೆ ಬೇಕಾದದ್ದೂ ಅದೇ ಪಾಠ.

ಗಾಡಿಯ ಜೊತೆಗೆ ಬಂದ ಟೈರಿನ ಪಕ್ಕೆಯ ಮೇಲೆ 265/70ಆರ್17 ಎಂದಿತ್ತು. 265 ಮಿಲಿಮೀಟರ್ ಅಗಲ, ಅದರ ಶೇಕಡಾ 70ರಷ್ಟು ಎತ್ತರದ ಪಕ್ಕೆ, ರೇಡಿಯಲ್ ಕಟ್ಟು, 17 ಇಂಚಿನ ರಿಮ್ಮು. ಇದೇ ಗಾಡಿಯ ದುಬಾರಿ ಮಾದರಿಗೆ 20 ಇಂಚಿನ ರಿಮ್ಮು ಬರುತ್ತದೆ. ನೋಡಲು ಚೆಂದ, ಆದರೆ ರಿಮ್ಮು ದೊಡ್ಡದಾದಷ್ಟೂ ರಬ್ಬರಿನ ಪಕ್ಕೆ ಗಿಡ್ಡವಾಗುತ್ತದೆ, ಕಲ್ಲಿಗೆ ಬಳುಕಿ ಒಗ್ಗುವ ಜಾಗ ಕಡಿಮೆಯಾಗುತ್ತದೆ. ಬೆಟ್ಟ ಹತ್ತುವವರು ಚಿಕ್ಕ ರಿಮ್ಮನ್ನೇ ಬಯಸುವುದು ಇದಕ್ಕೆ. ಅಳತೆಯ ಪಕ್ಕದಲ್ಲೇ ಎಂ ಪ್ಲಸ್ ಎಸ್ ಎಂಬ ಗುರುತೂ ಇತ್ತು: ಮಡ್ ಮತ್ತು ಸ್ನೋ. ಆ ಗುರುತು ಸಿಗಲು ಟೈರು ಒಂದು ದಿನವೂ ಹಿಮ ಕಾಣಬೇಕಾಗಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಮೇಲ್ಮೈಯ ಗಟ್ಟುಗಳ ನಡುವೆ ಎಷ್ಟು ತೆರಪಿದೆ, ತೋಡುಗಳು ಅಂಚಿನವರೆಗೆ ಹೇಗೆ ಹೋಗಿವೆ ಎಂಬ ಆಕಾರದ ಲೆಕ್ಕದ ಮೇಲೆ ಅದನ್ನು ಒತ್ತುತ್ತಾರೆ.

ಹಿಮದಲ್ಲಿ ಓಡಿಸಿ ನೋಡಿದ ಮೇಲೆ ಸಿಗುವ ಗುರುತು ಬೇರೆ. ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಅಮೆರಿಕ ಮತ್ತು ಕೆನಡಾದ ರಬ್ಬರ್ ಉದ್ಯಮದ ಸಂಘಗಳು 1999ರಲ್ಲಿ ಇದನ್ನು ಜಾರಿಗೆ ತಂದವು. ಹದವಾಗಿ ಅದುಮಿದ ಹಿಮದ ಮೇಲೆ ಟೈರನ್ನು ಓಡಿಸಿ, ಮಾದರಿ ಟೈರೊಂದಕ್ಕಿಂತ ಕನಿಷ್ಠ ಶೇಕಡಾ 10ರಷ್ಟು ಹೆಚ್ಚು ಎಳೆತ ತೋರಿದರೆ ಗುರುತು ದಕ್ಕುತ್ತದೆ. ಟೈರು ಕೊಳ್ಳುವವರು ಇದನ್ನು ತಿಳಿದಿರಲೇಬೇಕು. ಇದರ ಮಿತಿಯನ್ನೂ ತಿಳಿದಿರಬೇಕು. ಆ ಪರೀಕ್ಷೆ ಅಳೆಯುವುದು ಗಾಡಿ ಮುಂದಕ್ಕೆ ಹೊರಡುವಾಗಿನ ಹಿಡಿತವನ್ನು. ಬ್ರೇಕ್ ಹಾಕಿದಾಗ ಎಷ್ಟು ದೂರದಲ್ಲಿ ನಿಲ್ಲುತ್ತದೆ, ತಿರುವಿನಲ್ಲಿ ಹೇಗೆ ಹಿಡಿಯುತ್ತದೆ, ಗಾಜಿನಂತೆ ಹೆಪ್ಪುಗಟ್ಟಿದ ರಸ್ತೆಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಅದು ಕೇಳುವುದಿಲ್ಲ.

ಮೊದಲ ಕೆಲವು ವರ್ಷ ಈ ಯಾವ ವಿಚಾರವೂ ಕಾಡಲಿಲ್ಲ. ನಾವಿರುವುದು ಡೆನ್ವರಿನ ಪಶ್ಚಿಮಕ್ಕೆ, ಗೋಲ್ಡನ್ ಊರಿನಲ್ಲಿ. ಹಿಮ ಬಿದ್ದ ಮಾರನೆಯ ದಿನವೇ ಬಿಸಿಲು ಬಂದು ರಸ್ತೆ ಒಣಗುವ ಊರಿದು. ಕೆಲಸ, ಶಾಲೆ, ತರಕಾರಿ ಅಂಗಡಿ, ವಾರಕ್ಕೊಮ್ಮೆ ತಪ್ಪಲಿನ ಸಣ್ಣ ನಡಿಗೆ. ಆ ಬದುಕಿಗೆ ಆ ಟೈರುಗಳು ಸರಿಯಾಗಿಯೇ ಇದ್ದವು. ಹಿಮ ಹೆಚ್ಚು ಬಿದ್ದ ದಿನ ಮನೆಯಿಂದ ಕೆಲಸ ಮಾಡುತ್ತಿದ್ದೆ.

ಆಮೇಲೆ ಒಂದು ಜುಲೈನಲ್ಲಿ ಸಾನ್ ಹ್ವಾನ್ ಬೆಟ್ಟಗಳನ್ನು ನೋಡಿದೆವು. ರಾಜ್ಯದ ನೈಋತ್ಯ ಮೂಲೆಯಲ್ಲಿ ಯೂರೇ, ಸಿಲ್ವರ್‌ಟನ್, ಲೇಕ್ ಸಿಟಿ ಎಂಬ ಮೂರು ಪುಟ್ಟ ಊರುಗಳನ್ನು ಜೋಡಿಸುವ ಆಲ್ಪೈನ್ ಲೂಪ್ ಎಂಬ ದಾರಿಯಿದೆ, ಸುಮಾರು 65 ಮೈಲಿ. ಎಂಜಿನಿಯರ್ ಪಾಸ್ 12,800 ಅಡಿ, ಸಿನಮನ್ ಪಾಸ್ 12,640 ಅಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿನ್ನ ಬೆಳ್ಳಿಯ ಗಣಿಗಳಿಗೆ ಹೇಸರಗತ್ತೆ, ಕುದುರೆಗಾಡಿಗಳು ಹೋಗಲೆಂದು ಬಂಡೆ ಒಡೆದು ಮಾಡಿದ ದಾರಿಗಳಿವು. ಯೂರೇಯ ಮೇಲಿನ ಕ್ಯಾಂಪ್ ಬರ್ಡ್ ಗಣಿಯ ಚಿನ್ನದಿಂದ ಶ್ರೀಮಂತನಾದ ಥಾಮಸ್ ವಾಲ್ಷನ ಮಗಳೇ ಮುಂದೆ ಹೋಪ್ ವಜ್ರವನ್ನು ಕೊಂಡವಳು. ಆ ಸಂಪತ್ತು ಇಳಿದು ಬಂದ ದಾರಿಗಳಲ್ಲಿ ಇವತ್ತು ಉಳಿದಿರುವುದು ಒಡೆದ ಕಲ್ಲು. ನದಿಯಲ್ಲಿ ಉರುಳಿ ನುಣುಪಾದ ಕಲ್ಲಿಗೂ ಬೆಟ್ಟದಿಂದ ಸೀಳಿ ಬಿದ್ದ ಕಲ್ಲಿಗೂ ಬಹಳ ವ್ಯತ್ಯಾಸ. ಎರಡನೆಯದರ ಅಂಚು ಚೂರಿ.

ಅಂಥದೊಂದು ಅಂಚು ಎಂಜಿನಿಯರ್ ಪಾಸಿನ ಏರಿನಲ್ಲಿ ನಮ್ಮ ಹಿಂಬದಿ ಟೈರಿನ ಪಕ್ಕೆಯನ್ನು ಸೀಳಿತು. ಮೇಲ್ಮೈಯಲ್ಲಿ ಮೊಳೆ ಹೊಕ್ಕರೆ ರಬ್ಬರಿನ ಬತ್ತಿ ತುರುಕಿ ಮುಚ್ಚಬಹುದು. ಪಕ್ಕೆ ಸೀಳಿದರೆ ಆ ಟೈರಿನ ಆಯುಸ್ಸು ಮುಗಿದಂತೆ. ಗಾಡಿಯ ಹೊಟ್ಟೆಯಡಿ ನೇತುಹಾಕಿದ್ದ ಸ್ಟೆಪ್ನಿ ಇಳಿಸಿ, ಇಳಿಜಾರಿನಲ್ಲಿ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿನಡಿ ಹಲಗೆ ಇಟ್ಟು, ಮಗಳನ್ನು ದೂರ ಕೂರಿಸಿ ಬದಲಿಸಿದೆವು. ಬಳಿಕ ಲೇಕ್ ಸಿಟಿಯವರೆಗಿನ ಅಷ್ಟೂ ಇಳಿಜಾರು ಇನ್ನೊಂದು ಸ್ಟೆಪ್ನಿಯಿಲ್ಲದ ಅಳುಕಿನಲ್ಲೇ ಸಾಗಿತು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಎಳೆದೊಯ್ಯುವ ಲಾರಿ ಬರಬೇಕಾದರೂ ಅದೇ ಕಲ್ಲಿನ ದಾರಿಯಲ್ಲಿ ಬರಬೇಕು.

ಆ ಬೆಟ್ಟ ನಮ್ಮನ್ನು ಬಿಡಲಿಲ್ಲ. ಪ್ರತಿ ಬೇಸಿಗೆಯೂ ಹೋಗುವುದೆಂದು ಮನೆಯಲ್ಲಿ ಮಾತಾಯಿತು. 13,114 ಅಡಿಯ ಇಮೊಜೀನ್ ಪಾಸ್ ದಾಟಿ ಟೆಲ್ಯುರೈಡಿಗೆ ಇಳಿಯಬೇಕೆಂಬ ಆಸೆ ಹುಟ್ಟಿತು. ಆಗ ನಾನು ಮೊದಲ ಸಲ ಆಲ್ ಟೆರೇನ್ ಟೈರುಗಳ ಗೋಡೆಯ ಮುಂದೆ ನಿಂತೆ.

ಟೈರಂಗಡಿಯ ಆ ಗೋಡೆಯಲ್ಲಿ ಒಂದು ತುದಿಗೆ ನಗರದ ನುಣುಪು ಟೈರುಗಳು, ಇನ್ನೊಂದು ತುದಿಗೆ ದೊಡ್ಡ ಹಲ್ಲಿನ ಮಡ್ ಟೆರೇನ್ ಟೈರುಗಳು. ಆಲ್ ಟೆರೇನ್ ಇವೆರಡರ ನಡುವಿನದು. ಬಿಎಫ್‌ಗುಡ್‌ರಿಚ್ ತನ್ನ ಆಲ್ ಟೆರೇನ್ ಟಿ/ಎ ಟೈರನ್ನು ತಂದದ್ದು 1976ರಲ್ಲಿ; ಆ ವಂಶದ ಕೆಓ2 ಇಲ್ಲಿನ ಬೆಟ್ಟದಾರಿಗಳಲ್ಲಿ ತೀರ ಸಾಮಾನ್ಯ ನೋಟ. ಫಾಲ್ಕನ್ ವೈಲ್ಡ್‌ಪೀಕ್, ಟೊಯೊ ಓಪನ್ ಕಂಟ್ರಿ ಹೀಗೆ ಸಾಲು ಉದ್ದ. ಮಡ್ ಟೆರೇನಿನ ದಪ್ಪ ಹಲ್ಲು ಕೆಸರನ್ನು ಎಸೆದು ಮುಂದೆ ಹೋಗುತ್ತದೆ, ಆದರೆ ದೊಡ್ಡ ಗಟ್ಟುಗಳಲ್ಲಿ ಸಣ್ಣ ಸೀಳುಗಳು ಕಡಿಮೆಯಾದ್ದರಿಂದ ಹೆಪ್ಪಾದ ರಸ್ತೆಯಲ್ಲಿ ಅದು ಹಿಡಿಯುವುದಿಲ್ಲ. ಹೀಗಾಗಿ ಹಿಮದ ನಾಡಿನಲ್ಲಿ ವರ್ಷವಿಡೀ ಓಡುವ ಗಾಡಿಗೆ ಅದು ಸಲ್ಲ ಎಂಬುದು ಬೇಗ ತೀರ್ಮಾನವಾಯಿತು.

ಉಳಿದ ತೊಡಕು ಇನ್ನೊಂದು. ಒಂದೇ ಹೆಸರಿನ ಆಲ್ ಟೆರೇನ್ ಟೈರು ಒಂದೇ ಅಳತೆಯಲ್ಲಿ ಎರಡು ಬಗೆಯ ಕಟ್ಟಿನಲ್ಲಿ ಸಿಗುತ್ತದೆ. ಒಂದು ಪ್ಯಾಸೆಂಜರ್ ಕಟ್ಟು. ಇನ್ನೊಂದು ಎಲ್‌ಟಿ, ಅಂದರೆ ಸಣ್ಣ ಟ್ರಕ್ಕುಗಳಿಗೆಂದು ಮಾಡಿದ್ದು. ಎಲ್‌ಟಿಯಲ್ಲೂ ಹೊರೆಯ ದರ್ಜೆಗಳಿವೆ. ಇ ದರ್ಜೆಯದನ್ನು ಹತ್ತು ಪದರದ ಟೈರು ಅನ್ನುತ್ತಾರೆ. ಒಳಗೆ ನಿಜವಾಗಿ ಹತ್ತು ಪದರ ಇರುವುದಿಲ್ಲ, ಹಳೆಯ ಕಾಲದ ಹತ್ತು ಹತ್ತಿಪದರದಷ್ಟು ಬಲ ಎಂದು ಅರ್ಥ. ಪಕ್ಕೆ ದಪ್ಪ, ಸೀಳು ತಡೆಯುವ ಶಕ್ತಿ ಹೆಚ್ಚು. ಅದಕ್ಕೆ ತಕ್ಕ ಬೆಲೆಯನ್ನೂ ತೆರಬೇಕು: ಒಂದೊಂದು ಟೈರೂ ಐದಾರು ಕಿಲೋ ಹೆಚ್ಚು ತೂಕ, ಮೈಲೇಜು ಇಳಿಯುತ್ತದೆ, ರಸ್ತೆಯಲ್ಲಿ ಗಾಡಿ ಗಡುಸಾಗುತ್ತದೆ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ 32 ಪಿಎಸ್‌ಐ ಎಂದಿದ್ದರೂ ಅಷ್ಟೇ ಭಾರ ಹೊರಲು ಎಲ್‌ಟಿಗೆ 40ರ ಆಸುಪಾಸು ಗಾಳಿ ಬೇಕು.

ಪಕ್ಕೆ ಸೀಳಿದ ದಿನದ ನೆನಪು ಹಸಿಯಾಗಿತ್ತು. ಇ ದರ್ಜೆಯ ಎಲ್‌ಟಿ ಹಾಕಿಸಿದೆ. ಮೂರು ಶಿಖರದ ಗುರುತೂ ಅದರ ಮೇಲಿತ್ತು.

ಆ ಬೇಸಿಗೆಗಳು ನನ್ನ ಬದುಕಿನ ಚೆಂದದ ದಿನಗಳು. ಕಲ್ಲಿನ ದಾರಿ ಶುರುವಾಗುವಲ್ಲಿ ಗಾಡಿ ನಿಲ್ಲಿಸಿ ಗಾಳಿ ಇಳಿಸುವುದನ್ನು ಮಗಳೇ ಕಲಿತಳು. ಗಾಳಿ 20ಕ್ಕೆ ಇಳಿದಾಗ ಟೈರು ಕಲ್ಲಿನ ಮೇಲೆ ಬರಿಗಾಲು ಹರಡಿಕೊಂಡಂತೆ ಹರಡುತ್ತದೆ. ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಚೂಪು ಕಲ್ಲನ್ನು ಎದುರಿಸುವ ಬದಲು ಅದನ್ನು ಸುತ್ತಿ ಹಿಡಿಯುತ್ತದೆ, ಗಾಡಿಯೊಳಗಿನ ಕುಲುಕಾಟ ಅರ್ಧಕ್ಕಿಳಿಯುತ್ತದೆ. ಟಾರು ರಸ್ತೆಗೆ ಮರಳುವ ಮುನ್ನ ಸಣ್ಣ ಕಂಪ್ರೆಸರಿನಿಂದ ಮತ್ತೆ ಗಾಳಿ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಪಕ್ಕೆ ಮಡಚಿ ಮಡಚಿ ಕಾದು ಒಡೆಯುತ್ತದೆ. ಇಮೊಜೀನ್ ಪಾಸ್ ದಾಟಿದೆವು. ಟಾಂಬಾಯ್ ಗಣಿಯ ಪಾಳು ಮನೆಗಳ ಪಕ್ಕ ಕೂತು ಪುಳಿಯೋಗರೆ ತಿಂದೆವು. ಟೈರಿನ ಪಕ್ಕೆಯ ಮೇಲೆ ಗೀರುಗಳು ಬಿದ್ದವು, ಸೀಳು ಒಂದೂ ಇಲ್ಲ.

ಹಿಮದಲ್ಲೂ ಅವು ತಲೆ ತಗ್ಗಿಸಲಿಲ್ಲ. 2021ರ ಮಾರ್ಚ್ 13 ಮತ್ತು 14ರಂದು ಬಿದ್ದ ಹಿಮ ಇಲ್ಲಿಯವರಿಗೆ ಮರೆಯುವಂಥದ್ದಲ್ಲ; ಡೆನ್ವರಿನಲ್ಲಿ ಅಳತೆಗೆ ಸಿಕ್ಕಿದ್ದು 27.1 ಇಂಚು. ನಮ್ಮ ಬೀದಿಯಲ್ಲಿ ಹಿಮ ನೇಗಿಲು ಬರುವ ಮುನ್ನವೇ ನೆರೆಯ ಅಜ್ಜನೊಬ್ಬರನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಾಯಿತು. ಬಂಪರಿನಿಂದ ಹಿಮ ತಳ್ಳುತ್ತ, ಲೋ ರೇಂಜಿನಲ್ಲಿ, ಗಾಡಿ ನಿಧಾನವಾಗಿ ದಾರಿ ಮಾಡಿಕೊಂಡು ಹೋಯಿತು. ಹೊಸ ಹಿಮದ ಗುಣವೇ ಹಾಗೆ: ಆಳದ ತೋಡುಗಳೊಳಗೆ ಅದು ಒತ್ತಿಕೊಂಡು ಗಟ್ಟಿಯಾಗುತ್ತದೆ, ಆ ಗಟ್ಟಿ ಹಿಮ ನೆಲದ ಹಿಮವನ್ನು ಕಚ್ಚುತ್ತದೆ. ಹಿಮಕ್ಕೆ ಹಿಮವೇ ಹಿಡಿತ. ಆಳ ತೋಡಿನ ಆಲ್ ಟೆರೇನ್ ಟೈರಿಗೆ ಇದಕ್ಕಿಂತ ಒಗ್ಗುವ ನೆಲ ಇನ್ನೊಂದಿಲ್ಲ.

ಆ ವರ್ಷದ ಕೊನೆಗೆ ನಮ್ಮ ಬದುಕು ಬದಲಾಯಿತು. ಹೆಂಡತಿ ನರ್ಸು. ಬೆಟ್ಟದಾಚೆಯ ಸಮಿಟ್ ಕೌಂಟಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು, ಬೆಳಗಿನ ಏಳಕ್ಕೆ ಪಾಳಿ. ಅದಕ್ಕಾಗಿ ಕತ್ತಲಿರುವಾಗಲೇ ಮನೆ ಬಿಟ್ಟು ಐ-70 ಹೆದ್ದಾರಿ ಹಿಡಿಯಬೇಕು. ಫ್ಲಾಯ್ಡ್ ಹಿಲ್ ಇಳಿದು, ಐಡಹೋ ಸ್ಪ್ರಿಂಗ್ಸ್, ಜಾರ್ಜ್‌ಟೌನ್ ದಾಟಿ, 11,158 ಅಡಿ ಎತ್ತರದ ಐಸೆನ್‌ಹೋವರ್ ಸುರಂಗದವರೆಗೆ ಏರು. 1973ರಲ್ಲಿ ತೆರೆದ ಆ ಸುರಂಗ ಖಂಡದ ನೆತ್ತಿಯ ಅಡಿಯಲ್ಲೇ ಹಾಯುತ್ತದೆ. ಆಚೆ ಬಾಯಿಯಿಂದ ಹೊರಬಿದ್ದೊಡನೆ ಸಿಲ್ವರ್‌ತಾರ್ನಿನವರೆಗೆ ಕಡಿದಾದ ಇಳಿಜಾರು. ಈಚೆ ಕಡೆ ನಕ್ಷತ್ರ ಕಾಣುವ ಬೆಳಗಿನಲ್ಲೂ ಆಚೆ ಕಡೆ ಹಿಮ ಸುರಿಯುತ್ತಿರಬಹುದು. ಹಿಮ ಬಿದ್ದ ದಿನ ನಾನು ಓಡಿಸುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತ ದಾರಿ ನೋಡುತ್ತಿದ್ದಳು.

ಆ ರಸ್ತೆಯ ಮೇಲಿನದು ಮಾರ್ಚ್ ತಿಂಗಳ ಹೊಸ ಹಿಮದಂಥದ್ದಲ್ಲ. ಸಾವಿರಾರು ಗಾಡಿಗಳು ಅದುಮಿ ಅದುಮಿ ನುಣುಪಾಗಿಸಿದ ಹಿಮ, ಮಧ್ಯಾಹ್ನದ ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪಾದ ನೀರು, ನಡುನಡುವೆ ಉಪ್ಪುದ್ರಾವಣ ಬಿದ್ದು ಒದ್ದೆಯಾದ ಟಾರು, ಮತ್ತೆ ಒಣ ರಸ್ತೆಯ ತುಂಡು. ನಮ್ಮ ಗಾಡಿಯದು ಪಾರ್ಟ್ ಟೈಮ್ ಫೋರ್ ವೀಲ್. ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಒಣ ರಸ್ತೆಯಲ್ಲಿ ಅದನ್ನು ಹಾಕಿಕೊಂಡು ಓಡಿಸುವಂತಿಲ್ಲ, ತಿರುವಿನಲ್ಲಿ ಮುಂದಿನ ಹಿಂದಿನ ಗಾಲಿಗಳು ಪರಸ್ಪರ ಎಳೆದಾಡಿ ಗೇರುಗಳಿಗೆ ಪೆಟ್ಟು ಬೀಳುತ್ತದೆ. ಒಣ ತುಂಡಿನಲ್ಲಿ ಎರಡು ಗಾಲಿ, ಹೆಪ್ಪಿನ ತುಂಡಿನಲ್ಲಿ ನಾಲ್ಕು ಎಂದು ಬದಲಿಸುತ್ತಲೇ ಇರಬೇಕು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದ ಕ್ಷಣಕ್ಕೆ ಆ ಲೆಕ್ಕವೆಲ್ಲ ಮುಗಿಯುತ್ತದೆ. ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹೋಗುವುದು ಹೊರಡುವುದಕ್ಕೆ ನೆರವು. ನಿಲ್ಲುವಾಗ ಎಲ್ಲ ಗಾಡಿಗಳಿಗೂ ನಾಲ್ಕೇ ಗಾಲಿಯ ಬ್ರೇಕು, ಉಳಿದದ್ದೆಲ್ಲ ರಬ್ಬರಿನ ಕೈಯಲ್ಲಿ.

ಒಂದು ಭಾನುವಾರ, ಫ್ರಿಸ್ಕೋ ಊರಿನ ಖಾಲಿ ಪಾರ್ಕಿಂಗ್ ಜಾಗವೊಂದರಲ್ಲಿ, ಬೆಳಕು ಹರಿಯುವ ಹೊತ್ತಿಗೆ ನಾನು ಗಾಡಿ ನಿಲ್ಲಿಸಿ ಇಳಿದೆ. ಮೂಡಿಗೆರೆಯ ಡ್ರೈವರ್ ಮಾಡುತ್ತಿದ್ದಂತೆ ಮೊದಲು ಕಾಲಲ್ಲೇ ನೋಡಿದೆ. ಮೂಲೆಯ ಹೊಸ ಹಿಮದಲ್ಲಿ ಬೂಟು ಕಿರ್ರೆಂದು ಕಚ್ಚಿತು. ನಡುವಿನ ಹೆಪ್ಪಿನಲ್ಲಿ ಜಾರಿತು. ಆಮೇಲೆ ಗಾಡಿಯನ್ನು ನಡಿಗೆಗಿಂತ ತುಸು ವೇಗದಲ್ಲಿ ಎರಡೂ ಕಡೆ ಓಡಿಸಿ ಬ್ರೇಕ್ ಹಾಕಿದೆ. ಹೊಸ ಹಿಮದಲ್ಲಿ ಎಬಿಎಸ್ ಗರಗರ ಸದ್ದು ಮಾಡಿ ನಿಂತಿತು. ಹೆಪ್ಪಿನ ಮೇಲೆ ಸದ್ದು ನಿಲ್ಲಲೇ ಇಲ್ಲ, ಗಾಡಿ ಹೋಗುತ್ತಲೇ ಇತ್ತು. ಕಲ್ಲಿನ ಸೀಳನ್ನು ತಡೆದ ಅದೇ ಗಡಸುತನ ಇಲ್ಲಿ ಹಿಡಿತಕ್ಕೆ ಅಡ್ಡವಾಗಿ ನಿಂತಿತ್ತು. ಟೈರು ತಾನು ಯಾವುದಕ್ಕೆ ಹುಟ್ಟಿತೋ ಅದನ್ನು ಚೆನ್ನಾಗಿಯೇ ಮಾಡುತ್ತಿತ್ತು, ನೆಲ ಬೇರೆಯಾಗಿತ್ತು.

ಹೀಗೇಕೆ ಎಂದು ಓದುತ್ತ ಹೋದಂತೆ ವಿಷಯ ಬಿಡಿಸಿಕೊಂಡಿತು. ಮಂಜುಗಡ್ಡೆ ಅತಿ ಜಾರುವುದು ಸೊನ್ನೆ ಡಿಗ್ರಿಯ ಹತ್ತಿರ, ಅದರ ಮೇಲೆ ನೀರಿನ ತೆಳುಪದರ ನಿಂತಿರುವಾಗ. ಮೈಕೊರೆಯುವ ಚಳಿಯ ಮಂಜುಗಡ್ಡೆಗಿಂತ ಕರಗುವ ಅಂಚಿನ ಮಂಜುಗಡ್ಡೆಯೇ ಹೆಚ್ಚು ಅಪಾಯ. ಅಲ್ಲಿ ಹಿಡಿತ ಸಿಗಬೇಕಾದರೆ ಎರಡು ಸಂಗತಿ ಬೇಕು: ಚಳಿಗೆ ಗಟ್ಟಿಯಾಗದೆ ಮೆತ್ತಗೇ ಉಳಿಯುವ ರಬ್ಬರು, ಮತ್ತು ಸೈಪ್ ಎಂದು ಕರೆಯುವ ಕೂದಲೆಳೆಯಷ್ಟು ತೆಳುವಾದ ಸೀಳುಗಳು. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರಿನಲ್ಲಿ ಸಿಲಿಕಾ ಹೆಚ್ಚು, ಅದು ಆ ಚಳಿಯಲ್ಲೂ ಬಳುಕುತ್ತದೆ. ಬ್ರಿಜ್‌ಸ್ಟೋನ್‌ನ ಬ್ಲಿಜಾಕ್ ಟೈರಿನ ರಬ್ಬರಿನಲ್ಲಿ ಸೂಕ್ಷ್ಮ ರಂಧ್ರಗಳಿವೆ, ಅವು ಮಂಜುಗಡ್ಡೆಯ ಮೇಲಿನ ಆ ನೀರಿನ ಪದರವನ್ನೇ ಹೀರಿಕೊಳ್ಳುತ್ತವೆ. 1934ರಲ್ಲೇ ಚಳಿಗಾಲದ ಟೈರು ಮಾಡಿದ ಫಿನ್ಲೆಂಡಿನ ನೋಕಿಯನ್ ಕಂಪನಿಯವರು 1936ರಿಂದ ಹಕ್ಕಪೆಲಿಟ್ಟಾ ಎಂಬ ಹೆಸರಿನಲ್ಲಿ ಈ ವಿದ್ಯೆಯನ್ನು ತಿದ್ದುತ್ತಲೇ ಬಂದಿದ್ದಾರೆ. ಆಲ್ ಟೆರೇನ್ ಟೈರು ಬೇಸಿಗೆಯ ಬಿಸಿ ಕಲ್ಲಿನ ಮೇಲೂ ಚಕ್ಕೆ ಏಳದೆ ಬಾಳಬೇಕು. ಅದರ ರಬ್ಬರನ್ನು ಅಷ್ಟು ಮೆತ್ತಗೆ ಮಾಡಲಾಗದು. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಲೇಬೇಕು.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಮತ್ತೆ ಟೈರಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹಿರಿಯ ಮೆಕ್ಯಾನಿಕ್ ನಾನು ಹೇಳುವುದನ್ನೆಲ್ಲ ಕೇಳಿದರು. ಇಮೊಜೀನ್ ಪಾಸ್, ಎಲ್‌ಟಿ, ಮೂರು ಶಿಖರ, ಎಲ್ಲ. ಆಮೇಲೆ ಒಂದೇ ಮಾತು ಕೇಳಿದರು: "ಫೆಬ್ರವರಿಯ ಮೊದಲ ವಾರ, ಬೆಳಗ್ಗೆ ಐದು ಗಂಟೆಗೆ, ಈ ಗಾಡಿ ಎಲ್ಲಿರುತ್ತದೆ?" ಅದಕ್ಕೆ ಉತ್ತರ ಹೇಳಲು ನನಗೆ ಯೋಚನೆ ಬೇಕಾಗಲಿಲ್ಲ. ಐಸೆನ್‌ಹೋವರ್ ಸುರಂಗದ ಏರಿನಲ್ಲಿ. ಇಮೊಜೀನ್ ಪಾಸಿಗೆ ಹೋಗುವ ದಿನವನ್ನು ನಾನು ಆರಿಸಿಕೊಳ್ಳುತ್ತೇನೆ. ಮಳೆ ಬಂದರೆ ಬಿಡುತ್ತೇನೆ, ದಾರಿ ಕೆಟ್ಟಿದ್ದರೆ ತಿರುಗುತ್ತೇನೆ. ಫೆಬ್ರವರಿಯ ಆ ಬೆಳಗನ್ನು ಆರಿಸುವ ಹಕ್ಕು ನನಗಿಲ್ಲ. ಟೈರನ್ನು ಆರಿಸಬೇಕಾದದ್ದು ಆ ದಿನಕ್ಕೆ.

ಅಂದು ತೀರ್ಮಾನವಾದದ್ದು ಹೀಗೆ. ನವೆಂಬರಿನಿಂದ ಏಪ್ರಿಲಿನವರೆಗೆ ಬೇರೆ ರಿಮ್ಮುಗಳ ಮೇಲೆ ಬ್ಲಿಜಾಕ್. ಉಳಿದ ತಿಂಗಳುಗಳಿಗೆ ಆಲ್ ಟೆರೇನ್, ಆದರೆ ಈ ಸಲ ಪ್ಯಾಸೆಂಜರ್ ಕಟ್ಟಿನ ಫಾಲ್ಕನ್ ವೈಲ್ಡ್‌ಪೀಕ್ ಎಟಿ3ಡಬ್ಲ್ಯೂ. ಕಂಪನಿಯೇ 55,000 ಮೈಲಿಯ ಭರವಸೆ ಕೊಟ್ಟ ಟೈರು, ಎಲ್‌ಟಿಗಿಂತ ಹಗುರ, ಪಕ್ಕೆ ಮೆತ್ತಗೆ. ಕಲ್ಲಿನ ದಾರಿಯಲ್ಲಿ ಗಾಳಿ ಇಳಿಸಿ, ಗಾಲಿ ಇಡುವ ಜಾಗ ನೋಡಿ ಓಡಿಸಿದರೆ ಆಲ್ಪೈನ್ ಲೂಪಿಗೆ ಅದು ಸಾಕು. ಜೊತೆಗೆ ಪಕ್ಕೆ ಸೀಳಿದರೆ ಇರಲೆಂದು ಪೂರ್ಣ ಅಳತೆಯ ಸ್ಟೆಪ್ನಿಯೂ ಅದೇ ಟೈರಿನದು. ಚಳಿಗಾಲಕ್ಕೆ ಬೇರೆ ಸೆಟ್ ಇದ್ದ ಮೇಲೆ ಆಲ್ ಟೆರೇನಿಗೆ ಮೂರು ಶಿಖರದ ಗುರುತು ಏಕೆ ಎಂದು ಕೇಳಬಹುದು. ಈ ಬೆಟ್ಟಗಳಲ್ಲಿ ಅಕ್ಟೋಬರಿನಲ್ಲೂ ಮೇ ತಿಂಗಳಲ್ಲೂ ಹಿಮ ಬೀಳುತ್ತದೆ. ಆ ಅಂಚಿನ ದಿನಗಳಿಗೆ ಆ ಗುರುತು ಬೇಕು.

ಖರ್ಚು ಎರಡು ಪಟ್ಟಾಯಿತೆಂದು ಗೆಳೆಯರು ಹೇಳುತ್ತಾರೆ. ರಿಮ್ಮುಗಳ ದುಡ್ಡು ಹೆಚ್ಚೇ. ರಬ್ಬರಿನ ಲೆಕ್ಕ ಬೇರೆ: ಒಂದು ಸೆಟ್ ಓಡುವಾಗ ಇನ್ನೊಂದು ಸವೆಯದೆ ಕೂತಿರುತ್ತದೆ, ಎರಡೂ ಹೆಚ್ಚು ವರ್ಷ ಬರುತ್ತವೆ. ಬೆಟ್ಟದಾಚೆ ಕೆಲಸವಿಲ್ಲದ, ಹಿಮ ಬಿದ್ದ ದಿನ ಮನೆಯಲ್ಲಿರಬಲ್ಲ, ವಾರಾಂತ್ಯಕ್ಕೆ ಮಾತ್ರ ಕಾಡುದಾರಿ ಹಿಡಿಯುವ ಸಂಸಾರಕ್ಕೆ ಮೂರು ಶಿಖರದ ಒಳ್ಳೆಯ ಆಲ್ ಟೆರೇನ್ ಒಂದೇ ಸೆಟ್ ಸಾಕು ಎಂದೇ ನಾನು ಹೇಳುತ್ತೇನೆ. ಅಂಥವರಿಗೆ ಎಲ್‌ಟಿಯೂ ಬೇಕಿಲ್ಲ. ಭಾರ ಎಳೆಯುವವರು, ಮೊನಚು ಕಲ್ಲಿನಲ್ಲೇ ದಿನ ಕಳೆಯುವವರು ಎಲ್‌ಟಿ ತೆಗೆದುಕೊಳ್ಳಲಿ.

ಎಲ್ಲರಿಗೂ ತಪ್ಪದೆ ಹೇಳುವ ಮಾತು ಎರಡು. ಮೊದಲನೆಯದು ವಯಸ್ಸು. ಪಕ್ಕೆಯ ಮೇಲೆ ಡಾಟ್ ಎಂಬ ಸಾಲಿನ ಕೊನೆಯ ನಾಲ್ಕು ಅಂಕೆ ಟೈರು ಹುಟ್ಟಿದ ವಾರ ಮತ್ತು ವರ್ಷ. 3521 ಎಂದರೆ 2021ರ 35ನೆಯ ವಾರ. ಅಗ್ಗಕ್ಕೆ ಸಿಕ್ಕಿತೆಂದು ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಟೈರು ಕೊಂಡರೆ ಗಟ್ಟಿಯಾದ ರಬ್ಬರನ್ನೇ ಕೊಂಡಂತೆ. ಎರಡನೆಯದು ಆಳ. ಅನೇಕ ಆಲ್ ಟೆರೇನ್ ಟೈರುಗಳಲ್ಲಿ ಸೈಪ್ ಸೀಳುಗಳು ತಳದವರೆಗೆ ಇಳಿದಿರುವುದಿಲ್ಲ. ಅರ್ಧ ಸವೆದ ಮೇಲೂ ಪಕ್ಕೆಯ ಮೇಲೆ ಮೂರು ಶಿಖರದ ಗುರುತು ಹಾಗೇ ಇರುತ್ತದೆ, ಆದರೆ ಹಿಮವನ್ನು ಕಚ್ಚುತ್ತಿದ್ದ ಸೀಳುಗಳು ಅಳಿಸಿಹೋಗಿರುತ್ತವೆ. ಹತ್ತು ಡಾಲರಿನೊಳಗೆ ಸಿಗುವ ಆಳದ ಅಳತೆಗೋಲೊಂದು ಗಾಡಿಯಲ್ಲಿರಲಿ.

ಈ ಆಳದ ಮಾತು ಇಲ್ಲಿ ಕಾನೂನೂ ಹೌದು. 2019ರಲ್ಲಿ ಬಂದ ನಿಯಮದಂತೆ ಐ-70ರಲ್ಲಿ ಮಾರಿಸನ್‌ನಿಂದ ಡಾಟ್ಸೀರೋವರೆಗೆ, ಸೆಪ್ಟೆಂಬರಿನಿಂದ ಮೇ ಕೊನೆಯವರೆಗೆ, ಫೋರ್ ವೀಲ್ ಗಾಡಿಗೂ ಕನಿಷ್ಠ 3/16 ಇಂಚು, ಅಂದರೆ ಸುಮಾರು 4.8 ಮಿಲಿಮೀಟರ್ ಆಳದ ಟೈರು ಇರಲೇಬೇಕು. ತಪ್ಪಿದರೆ ದಂಡ 130 ಡಾಲರಿಗಿಂತ ಹೆಚ್ಚು. ಆ ಟೈರಿನಿಂದಾಗಿ ರಸ್ತೆ ಅಡ್ಡಗಟ್ಟಿದರೆ 650 ಡಾಲರಿಗಿಂತ ಹೆಚ್ಚು. ಮೊದಲು ಓದಿದಾಗ ಎರಡನೆಯ ದಂಡ ನನಗೆ ವಿಪರೀತ ಅನ್ನಿಸಿತ್ತು. ಹೆಂಡತಿಯ ಪಾಳಿಯನ್ನು ಹತ್ತಿರದಿಂದ ನೋಡಿದ ಮೇಲೆ ಅದರ ನ್ಯಾಯ ತಿಳಿಯಿತು. ಒಂದು ಗಾಡಿ ಸುರಂಗದ ಏರಿನಲ್ಲಿ ಅಡ್ಡ ತಿರುಗಿ ನಿಂತರೆ ಅದರ ಹಿಂದೆ ಮೈಲಿಗಟ್ಟಲೆ ಸಾಲು. ಆ ಸಾಲಿನಲ್ಲಿ ಆಂಬುಲೆನ್ಸ್ ಇರುತ್ತದೆ, ಹಿಮ ನೇಗಿಲಿನ ಲಾರಿ ಇರುತ್ತದೆ, ರಾತ್ರಿಯಿಡೀ ದುಡಿದವರನ್ನು ಬಿಡುಗಡೆ ಮಾಡಲು ಹೊರಟ ನರ್ಸುಗಳೂ ಇರುತ್ತಾರೆ.

ಆದ್ದರಿಂದ ರಾಜ್ಯೋತ್ಸವದ ಊಟದಲ್ಲಿ ಯಾರಾದರೂ ಯಾವ ಟೈರು ಎಂದು ಕೇಳಿದರೆ ನಾನು ಕಂಪನಿಯ ಹೆಸರಿನಿಂದ ಶುರು ಮಾಡುವುದಿಲ್ಲ. ನಿಮ್ಮ ವರ್ಷದಲ್ಲಿ ಹೋಗಲೇಬೇಕಾದ ಅತಿ ಕೆಟ್ಟ ಬೆಳಗು ಯಾವುದು, ಆ ದಾರಿಯ ಮೇಲಿರುವುದು ಹೊಸ ಹಿಮವೋ ಹೆಪ್ಪೋ ಕಲ್ಲೋ, ಆ ದಾರಿಯ ತುದಿಯಲ್ಲಿ ನಿಮಗಾಗಿ ಕಾಯುವವರು ಯಾರು ಎಂದು ಕೇಳುತ್ತೇನೆ. ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟವರಿಗೆ ಅಂಗಡಿಯ ಗೋಡೆಯಲ್ಲಿ ಉಳಿಯುವುದು ಎರಡು ಮೂರು ಟೈರು ಮಾತ್ರ. ಅವುಗಳಲ್ಲಿ ಯಾವುದನ್ನು ಕೊಂಡರೂ ಸರಿಯೇ.